ದ್ವೀಪದಲ್ಲಿ ನಾಲ್ಕು ಗಂಟೆ: ಅಂಜದೀವದಿಂದ ಕಡಮತ್‌ವರೆಗೆ

(ಇತಿಹಾಸ ಸರಣಿಯ ಆಡಿಯೊ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲಿನಿಂದ. ನಮ್ಮ ಚಿಕ್ಕಮ್ಮ ಹೆಗ್ಗನಹಳ್ಳಿಯವರು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಹೊಲಿಗೆ ಮೆಷಿನ್ ತುಳಿದು, ಹೋದ ವರ್ಷ ಕೆಲಸ ಬಿಟ್ಟರು. ಕೈಗೆ ಬಂದ ಪಿಎಫ್ ದುಡ್ಡಲ್ಲಿ ಮನೆ ಮೇಲೆ ಒಂದು ರೂಮು ಎತ್ತಿಸಿದರು. ಉಳಿದಿದ್ದರಲ್ಲಿ, ಮನೆಯವರೆಲ್ಲ ಬೇಡ ಬೇಡ ಅಂದರೂ ಕೇಳದೆ, ಕೊಚ್ಚಿಯಿಂದ ಹೊರಡೋ ಹಡಗಿಗೆ ಮಗಳ ಜೊತೆ ಟಿಕೆಟ್ ತಗೊಂಡರು. ಮೂರು ರಾತ್ರಿ ಸಮುದ್ರದ ಮೇಲೆ. ಮಧ್ಯೆ ಒಂದು ದಿನ ಲಕ್ಷದ್ವೀಪದ ಕಡಮತ್ ಅನ್ನೋ ದ್ವೀಪ. ಅಲ್ಲಿ ಇಳಿಯೋಕೆ ಕೊಡೋದು ನಾಲ್ಕು ಗಂಟೆ.

ಹೊರಡೋ ಹಿಂದಿನ ವಾರ ಫೋನ್ ಮಾಡಿದ್ರು. "ಲೋ, ನೀನು ಇತಿಹಾಸ ಗಿತಿಹಾಸ ಓದ್ತೀಯಲ್ಲ. ನಾಕ್ ಗಂಟೇಲಿ ಒಂದು ದ್ವೀಪದಲ್ಲಿ ಏನ್ ನೋಡೋದು ಹೇಳು. ದುಡ್ಡು ಕೊಟ್ಟಿದೀನಿ ಕಣೋ, ಸುಮ್ನೆ ಮರಳಲ್ಲಿ ಕೂತು ಬರೋಕಲ್ಲ."

ನಾನು ಆಗ ಗ್ಲಾಸ್ ಬೋಟು, ಸ್ನಾರ್ಕೆಲಿಂಗು ಅಂತ ಏನೋ ಹೇಳಿ ಫೋನ್ ಇಟ್ಟೆ. ಆದರೆ ಪ್ರಶ್ನೆ ಬಿಡಲಿಲ್ಲ. ಯಾಕಂದ್ರೆ ನಮ್ಮ ಕರಾವಳಿಯ ದ್ವೀಪಗಳ ಬಗ್ಗೆ ಹೊರಗಿನವರು ಬರೆದಿಟ್ಟ ಕತೆಗಳಲ್ಲಿ ಬಹಳಷ್ಟು ಇಂಥ ಚಿಕ್ಕ ನಿಲುಗಡೆಯವೇ. ಹಡಗು ಬಂತು, ಲಂಗರು ಹಾಕ್ತು, ಕೆಲವು ಗಂಟೆ ಅಥವಾ ಕೆಲವು ದಿನ ಇತ್ತು, ಹೋಯ್ತು. ಬಂದವರು ಏನು ನೋಡಿದರು, ಯಾರ ಹತ್ತಿರ ಮಾತಾಡಿದರು, ಏನು ಕೇಳೋಕೆ ಮರೆತರು? ಇದರ ಮೇಲೆ ಅವರ ಲಾಭ ನಷ್ಟ ನಿಂತಿತ್ತು. ಕೆಲವು ಸಲ ಜೀವವೇ ನಿಂತಿತ್ತು.

ಮೊದಲು ಕಾರವಾರಕ್ಕೆ ಹೋಗೋಣ. ಕಾರವಾರದಿಂದ ಸ್ವಲ್ಪ ದಕ್ಷಿಣಕ್ಕೆ, ಬಿಣಗಾ-ಅರಗಾ ದಡದ ಎದುರಿಗೆ ಅಂಜದೀವ ಅಂತ ಒಂದು ಸಣ್ಣ ದ್ವೀಪ ಇದೆ. ಕೆಲವರು ಅಂಜದೀಪ ಅಂತಾರೆ. ದಡ ನಮ್ಮದು, ಆದರೆ ದ್ವೀಪ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು. ಇವತ್ತು ಅದು ಕದಂಬ ನೌಕಾನೆಲೆಯ ಒಳಗಡೆ ಇರೋದರಿಂದ ನೀವು ನಾವು ಹೋಗೋ ಹಾಗಿಲ್ಲ. ಅಂಕೋಲೆಯ ಆರ್ಯಾದುರ್ಗೆ ಈ ದ್ವೀಪದಿಂದಲೇ ಬಂದ ದೇವಿ ಅಂತ ಆ ಕಡೆಯ ನಂಬಿಕೆ.

1342ರ ಸುಮಾರಿಗೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಗೋವಾ ಕಡೆಯಿಂದ ಹೊನ್ನಾವರಕ್ಕೆ ಹಡಗಲ್ಲಿ ಬರ್ತಾ ದಡದ ಹತ್ತಿರದ ಒಂದು ದ್ವೀಪದಲ್ಲಿ ಇಳಿದ. ಅದು ಅಂಜದೀವವೇ ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಅವನು ಬರೆದಿದ್ದು ಇಷ್ಟು: ಅಲ್ಲೊಂದು ದೇವಸ್ಥಾನ, ಒಂದು ತೋಟ, ಒಂದು ನೀರಿನ ಕೊಳ. ದೇವಸ್ಥಾನದ ಗೋಡೆಗೆ ಒರಗಿ ಒಬ್ಬ ಜೋಗಿ ಕೂತಿದ್ದ. ಮಾತಾಡಿಸಿದರೆ ಉತ್ತರ ಇಲ್ಲ. ಊಟ ಏನಾದರೂ ಇದೆಯಾ ಅಂತ ಸುತ್ತ ನೋಡ್ತಿದ್ದಾಗ ಜೋಗಿ ಒಂದು ಕೂಗು ಹಾಕಿದ, ಮರದಿಂದ ತೆಂಗಿನಕಾಯಿ ಬಿತ್ತು, ಅದನ್ನ ಇವರ ಕೈಗೆ ಕೊಟ್ಟ. ಇವರು ಕೊಟ್ಟ ದುಡ್ಡು ಮುಟ್ಟಲಿಲ್ಲ. ಇಬ್ನ್ ಬತೂತಾನ ಕೈಲಿದ್ದ ಜಪಮಾಲೆಯನ್ನ ಸವರಿ ನೋಡಿದ, ಮೂಸಿ ಮುತ್ತಿಟ್ಟ, ಆಕಾಶದ ಕಡೆ ಕೈ ತೋರಿಸಿದ, ಆಮೇಲೆ ಮೆಕ್ಕಾದ ದಿಕ್ಕಿಗೆ ತೋರಿಸಿದ. ಜೊತೆಗಿದ್ದವರಿಗೆ ಏನೂ ಅರ್ಥ ಆಗಲಿಲ್ಲ. ಇಬ್ನ್ ಬತೂತಾ ಮಾತ್ರ, ಇವನು ಗುಟ್ಟಾಗಿ ಮುಸ್ಲಿಮನಾಗಿರೋ ಮನುಷ್ಯ ಅಂತ ತಿಳ್ಕೊಂಡ. ಹೊರಡುವಾಗ ಜೋಗಿ ಅವನ ಬಟ್ಟೆ ಹಿಡಿದೆಳೆದು ಹತ್ತು ದಿನಾರ್ ಕೊಟ್ಟನಂತೆ.

ಕತೆಯಲ್ಲಿ ಎಷ್ಟು ನಿಜವೋ ಇರಲಿ. ನನಗೆ ಮುಖ್ಯ ಅನಿಸೋದು ಬೇರೆ. ದ್ವೀಪದಲ್ಲಿ ಅವನು ಇದ್ದದ್ದು ಸ್ವಲ್ಪ ಹೊತ್ತು. ಆ ಹೊತ್ತಲ್ಲಿ ಅವನು ದ್ವೀಪ ಸುತ್ತಲಿಲ್ಲ. ಒಬ್ಬ ಮನುಷ್ಯನ ಮುಂದೆ ನಿಂತ, ಭಾಷೆ ಇಲ್ಲದೇ ಮಾತಾಡಿದ. ಆರೂ ಮುಕ್ಕಾಲು ಶತಮಾನ ಆದಮೇಲೂ ಆ ದ್ವೀಪದ ಬಗ್ಗೆ ನಮಗೆ ಉಳಿದಿರೋ ಹಳೆಯ ಚಿತ್ರಗಳಲ್ಲಿ ಅದೊಂದು. ಮುಂದೆ ಹೊನ್ನಾವರಕ್ಕೆ ಹೋಗಿ, ಅಲ್ಲಿ ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13 ಶಾಲೆ ಇವೆ ಅಂತ ಎಣಿಸಿ ಬರೆದ. ಬೇರೆ ಎಲ್ಲೂ ಇಂಥದ್ದು ನೋಡಿಲ್ಲ ಅಂತಲೂ ಸೇರಿಸಿದ. ಎಣಿಸೋ ಚಟ ಇದ್ದವನಿಗೆ ಚಿಕ್ಕ ನಿಲುಗಡೆಯೂ ದಂಡ ಆಗಲ್ಲ.

ಒಂದೂವರೆ ಶತಮಾನ ಆದಮೇಲೆ, 1498ರ ಸೆಪ್ಟೆಂಬರಿನಲ್ಲಿ, ಅದೇ ಅಂಜದೀವಕ್ಕೆ ವಾಸ್ಕೋ ಡ ಗಾಮ ಬಂದ. ಇವನ ಕತೆ ನಮಗೆ ಶಾಲೆಯಲ್ಲಿ ಕಲ್ಲಿಕೋಟೆವರೆಗೆ ಮಾತ್ರ ಹೇಳಿಕೊಡ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಕಲ್ಲಿಕೋಟೆಯಲ್ಲಿ ಸಾಮೂದಿರಿ ಜೊತೆ ಕೆಡಿಸಿಕೊಂಡು, ಆಗಸ್ಟ್ ಕೊನೆಗೆ ವಾಪಸ್ ಹೊರಟ ಮೇಲೆ ಅವನು ನಮ್ಮ ಕರಾವಳಿ ಉದ್ದಕ್ಕೂ ಉತ್ತರಕ್ಕೆ ಬಂದ. ದಾರಿಯಲ್ಲಿ ಕೆಲವು ಪುಟ್ಟ ದ್ವೀಪಗಳ ಹತ್ತಿರ ಸಾಂತಾ ಮರಿಯಾ ಹೆಸರಿನ ಕಲ್ಲುಕಂಬ ನೆಟ್ಟ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆ ಆ ಹೆಸರು ಬಂದಿದ್ದು ಹೀಗೆ ಅಂತ ರೂಢಿ. ಅಲ್ಲಿ ಅವನು ಉಳಿಯಲಿಲ್ಲ. ಜನ ಇಲ್ಲದ ಬರೀ ಕಲ್ಲುಗಂಬಗಳ ದ್ವೀಪ ಅದು.

ಅಂಜದೀವದಲ್ಲಿ ಉಳಿದ, ಹನ್ನೆರಡು ದಿನ. ಯಾಕಂದ್ರೆ ಅಲ್ಲಿ ನೀರಿತ್ತು.

ಹಡಗಿನಲ್ಲಿದ್ದ ಒಬ್ಬ ಬರೆದ ದಿನಚರಿ ಉಳಿದುಕೊಂಡಿದೆ. ಬರೆದವನ ಹೆಸರು ಅದರಲ್ಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಕಲ್ಲು ಕಟ್ಟಿದ ಒಂದು ಕೆರೆ, ಒಳ್ಳೆ ನೀರು, ಸೌದೆ. ಪಾಳುಬಿದ್ದ ಒಂದು ದೊಡ್ಡ ಕಲ್ಲು ಕಟ್ಟಡ, ಅದರಲ್ಲಿ ಹುಲ್ಲು ಹೊದಿಸಿದ ಒಂದೇ ಗುಡಿ, ಒಳಗೆ ಪೂಜೆ ಮಾಡೋ ಮೂರು ಕರಿ ಕಲ್ಲು. ಕಟ್ಟಡವನ್ನ ಅವನು ಇಗರ್ಜಿ ಅಂದುಕೊಂಡ. ಇವರು ಎರಡು ಹಡಗುಗಳನ್ನ ದಡಕ್ಕೆಳೆದು, ಮಗ್ಗುಲಿಗೆ ಒರಗಿಸಿ, ತಳಕ್ಕೆ ಅಂಟಿದ ಚಿಪ್ಪು ಪಾಚಿ ಕೆರೆದು ಶುಚಿ ಮಾಡಿದರು. ಎದುರು ದಡದ ಜನ ದೋಣಿಯಲ್ಲಿ ಮೀನು, ಕುಂಬಳಕಾಯಿ, ಸೌತೆಕಾಯಿ ತಂದು ಮಾರಿದರು. ಕಾರವಾರದವರ ಮೊದಲ ಯುರೋಪಿಯನ್ ಗಿರಾಕಿಗಳು ಇವರೇ ಇರಬೇಕು. ಏನು ದರ ಹಾಕಿದರೋ!

ಇದೇ ದಿನಗಳಲ್ಲಿ ಸುಮಾರು ನಲವತ್ತು ವಯಸ್ಸಿನ ಒಬ್ಬ ಮನುಷ್ಯ ಬಂದು, ವೆನಿಸ್ ಕಡೆಯ ಮಾತು ಸರಾಗವಾಗಿ ಆಡ್ತಾ, ಕ್ಯಾಪ್ಟನ್‌ಗಳನ್ನ ತಬ್ಬಿಕೊಂಡ. ನಾನೂ ನಿಮ್ಮ ಕಡೆಯವನೇ ಅಂದ. ಅನುಮಾನ ಬಂದು ಹೊಡೆದು ಬಡಿದು ಕೇಳಿದಾಗ, ಗೋವಾದ ಒಡೆಯನ ಪರವಾಗಿ ನೋಡಿಕೊಂಡು ಹೋಗೋಕೆ ಬಂದವನು ಅಂತ ಒಪ್ಪಿಕೊಂಡ. ಅವನು ಯಹೂದಿ. ಗಾಮ ಅವನನ್ನ ಪೋರ್ಚುಗಲ್‌ಗೆ ಕರ್ಕೊಂಡು ಹೋಗಿ ಕ್ರೈಸ್ತನನ್ನಾಗಿ ಮಾಡಿಸಿ ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟ. ಮುಂದೆ 1500ರಲ್ಲಿ ಕಾಬ್ರಾಲ್‌ನ ಜೊತೆ ಹೊರಟ ಇವನು ಬ್ರೆಜಿಲ್ ದಡವನ್ನೂ ಕಂಡ. ಅಂಜದೀವದಲ್ಲಿ ಸ್ವಲ್ಪ ಹೊತ್ತು ನೋಡ್ಕೊಂಡು ಬರ್ತೀನಿ ಅಂತ ಹೋದ ಮನುಷ್ಯ!

ಸರಿ, ನೀರು ಸಿಕ್ತು, ಹಡಗು ಶುಚಿಯಾಯ್ತು, ತರಕಾರಿ ಸಿಕ್ತು, ಗೂಢಚಾರನೂ ಸಿಕ್ಕ. ಒಂದು ನಿಲುಗಡೆಯಲ್ಲಿ ಇನ್ನೇನು ಬೇಕು? ಒಂದು ಬೇಕಿತ್ತು. ಗಾಳಿ.

ಬರುವಾಗ ಅವನು ಆಫ್ರಿಕದ ಮಾಲಿಂದಿಯಲ್ಲಿ ಈ ಸಮುದ್ರ ಗೊತ್ತಿದ್ದ ಒಬ್ಬ ಮಾರ್ಗದರ್ಶಿಯನ್ನ ಹತ್ತಿಸಿಕೊಂಡಿದ್ದ. ಏಪ್ರಿಲ್ 24ಕ್ಕೆ ಬಿಟ್ಟ ಹಡಗಿಗೆ ಮೇ 18ಕ್ಕೆ ನಮ್ಮ ದಡ ಕಂಡಿತ್ತು. ಮೂರು ವಾರ ಚಿಲ್ಲರೆ. ಈಗ ವಾಪಸ್ ಹೊರಟಿದ್ದು ಅಕ್ಟೋಬರ್ 5ಕ್ಕೆ. ನೈಋತ್ಯ ಮಾರುತ ಮುಗೀತಾ ಬಂದಿದೆ, ಈಶಾನ್ಯದ ಗಾಳಿ ಇನ್ನೂ ಹಿಡಿದಿಲ್ಲ. ಆ ಮಧ್ಯಂತರದಲ್ಲಿ ಪಶ್ಚಿಮಕ್ಕೆ ದೊಡ್ಡ ಸಮುದ್ರ ದಾಟೋಕೆ ಹಾಯಿ ಹಡಗು ಬಿಡ್ತಾರಾ ಅಂತ ಕುಂಬಳಕಾಯಿ ಮಾರೋಕೆ ಬಂದವನನ್ನ ಕೇಳಿದ್ದರೂ ಹೇಳ್ತಿದ್ದ. ಆಫ್ರಿಕ ಕಂಡಿದ್ದು ಜನವರಿ 2ಕ್ಕೆ. ಮೂರು ತಿಂಗಳಿಗೆ ಮೂರು ದಿನ ಕಮ್ಮಿ ಅಂತ ದಿನಚರಿಯವನೇ ಲೆಕ್ಕ ಕೊಟ್ಟಿದ್ದಾನೆ. ಒಸಡು ಊದಿ, ಕೈಕಾಲು ಬಾತು, ಮೂವತ್ತು ಜನ ದಾರಿಯಲ್ಲೇ ಸತ್ತರು. ಹಣ್ಣು ತರಕಾರಿ ಇಲ್ಲದೆ ಬರೋ ಸ್ಕರ್ವಿ ಅದು. ಒಂದೊಂದು ಹಡಗಿನಲ್ಲಿ ಕೆಲಸ ಮಾಡೋ ಶಕ್ತಿ ಇದ್ದವರು ಏಳೆಂಟು ಮಂದಿ. ನಡೆಸೋಕೆ ಜನ ಸಾಲದೆ ಒಂದು ಹಡಗನ್ನ ತಾವೇ ಸುಟ್ಟರು.

ಹನ್ನೆರಡು ದಿನ ಇದ್ದೂ ಗಾಳಿ ಯಾವಾಗ ತಿರುಗುತ್ತೆ ಅನ್ನೋ ಒಂದು ಮಾತಿಗೆ ಕಾಯದವನ ಕತೆ ಇದು. ಅಲ್ಲಿಂದ ಬೇಗ ಹೊರಡೋಕೆ ಅವನಿಗೆ ಕಾರಣಗಳೂ ಇದ್ದವು. ಸುತ್ತ ಶತ್ರುಗಳ ದೋಣಿ ಓಡಾಡ್ತಿದ್ದವು ಅನ್ನೋದನ್ನ ಅಲ್ಲಗಳೆಯಲ್ಲ. ಆದರೂ ಮೂವತ್ತು ಜೀವ.

ಇದರ ಉಲ್ಟಾ ಕತೆ ಕೂಡ ಇದೇ ದ್ವೀಪದಲ್ಲಿ ಆಯ್ತು. 1661ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಮತ್ತು ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್ ಮದುವೆ ಒಪ್ಪಂದ ಆಯ್ತು, ಬಳುವಳಿಯಾಗಿ ಮುಂಬಯಿ ಕೊಡೋದು ಅಂತ ಮಾತಾಯ್ತು. 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರ ಜೊತೆ ಮುಂಬಯಿ ತಗೊಳ್ಳೋಕೆ ಬಂದರೆ, ಪೋರ್ಚುಗೀಸರು ಕಾಗದ ಸರಿ ಇಲ್ಲ ಅಂತ ತಕರಾರು ತೆಗೆದರು. ನಮ್ಮ ಖಾತೆ ಬದಲಾವಣೆ ಕತೆ ಥರಾನೇ. ಇತ್ಯರ್ಥ ಆಗೋವರೆಗೆ ಸ್ವಲ್ಪ ದಿನ ಇರ್ತೀವಿ ಅಂತ ಅಂಜದೀವದಲ್ಲಿ ಇಳಿದರು. ಆ ಸ್ವಲ್ಪ ದಿನ ಎರಡು ವರ್ಷ ದಾಟಿತು. ನೆಟ್ಟಗೆ ಸೂರಿಲ್ಲ, ಊಟ ಸರಿ ಇಲ್ಲ, ಮೇಲೆ ನಮ್ಮ ಉತ್ತರ ಕನ್ನಡದ ಮಳೆಗಾಲ. ಜ್ವರದಲ್ಲಿ ಒಬ್ಬೊಬ್ಬರೇ ಹೋದರು. 1664ರ ಏಪ್ರಿಲಿನಲ್ಲಿ ಶಿಪ್‌ಮನ್ನೂ ಅಲ್ಲೇ ತೀರಿಕೊಂಡ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಮುಂಬಯಿಯನ್ನ ಕೈಗೆ ತಗೊಳ್ಳುವಾಗ ಜೊತೆಗೆ ಉಳಿದಿದ್ದವರು ನೂರರ ಆಸುಪಾಸು. ಯಾವಾಗ ಹೊರಡ್ತೀವಿ ಅಂತ ಗೊತ್ತಿಲ್ಲದೆ ದ್ವೀಪದಲ್ಲಿ ಇಳೀಬಾರದು ಅಂತ ಚಿಕ್ಕಮ್ಮನಿಗೆ ಹೇಳಿದೆ. "ನಮ್ಮ ಹಡಗು ಸಾಯಂಕಾಲ ಹೊರಡುತ್ತೆ ಬಿಡೋ" ಅಂದ್ರು.

ಈಗ ಕಡಮತ್‌ಗೆ ಬರೋಣ. ಲಕ್ಷದ್ವೀಪ ಅಂದ ತಕ್ಷಣ ನಮಗೆ ಕೇರಳ ನೆನಪಾಗುತ್ತೆ. ಭಾಷೆ ಮಲಯಾಳಕ್ಕೆ ಹತ್ತಿರ, ಹಡಗು ಕೊಚ್ಚಿಯಿಂದ. ಆದರೆ ಲಕ್ಷದ್ವೀಪದ ಉತ್ತರ ಭಾಗದ ಐದು ದ್ವೀಪಗಳು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಇವನ್ನ ಒಟ್ಟಾಗಿ ಅಮಿನ್‌ದಿವಿ ಅಂತಾರೆ. ಇವುಗಳ ಕಚೇರಿ ನೂರೈವತ್ತಕ್ಕೂ ಹೆಚ್ಚು ವರ್ಷ ಇದ್ದದ್ದು ಮಂಗಳೂರಿನಲ್ಲಿ.

ಹೇಗೆ ಅಂದ್ರೆ, ಮೊದಲು ಈ ದ್ವೀಪಗಳು ಕಣ್ಣೂರಿನ ಅಲಿ ರಾಜರ ಮನೆತನದ ಕೈಲಿದ್ದವು. ದ್ವೀಪದವರು ತೆಂಗಿನ ನಾರಿನ ಹಗ್ಗವನ್ನ ಬೇರೆ ಯಾರಿಗೂ ಮಾರೋ ಹಾಗಿಲ್ಲ, ಅರಮನೆಗೇ ಕೊಡಬೇಕು, ಅದೂ ಅವರು ಹೇಳಿದ ದರಕ್ಕೆ ಅಂತ ಕಟ್ಟು ಮಾಡಿದ್ದರು. ದಬ್ಬಾಳಿಕೆ ತಡೀಲಾರದೆ 1787ರಲ್ಲಿ ಅಮಿನ್‌ದಿವಿಯ ಜನ ತಿರುಗಿಬಿದ್ದು, ಮಂಗಳೂರಿಗೆ ಬಂದು, ಟಿಪ್ಪು ಸುಲ್ತಾನನ ಆಶ್ರಯ ಕೇಳಿದರು. ಟಿಪ್ಪು ದ್ವೀಪಗಳನ್ನ ತನ್ನ ಆಡಳಿತಕ್ಕೆ ತಗೊಂಡು, ಕಣ್ಣೂರಿನ ಬೀಬಿಗೆ ಬದಲಿಯಾಗಿ ಚಿರಕ್ಕಲ್ ಕಡೆ ಜಮೀನು ಕೊಟ್ಟ. ಯೋಚನೆ ಮಾಡಿ, ಶ್ರೀರಂಗಪಟ್ಟಣದ ರಾಜ್ಯಕ್ಕೆ ಹವಳದ ದ್ವೀಪಗಳು! 1799ರಲ್ಲಿ ಟಿಪ್ಪು ಬಿದ್ದಮೇಲೆ ಕಂಪನಿಯವರು ಅವನ್ನ ಕೆನರಾಕ್ಕೆ ಸೇರಿಸಿದರು. ಕೆನರಾ ಎರಡು ಹೋಳಾದಾಗ ದ್ವೀಪಗಳು ದಕ್ಷಿಣ ಕನ್ನಡದ ಪಾಲಿಗೆ ಬಂದವು. ಬೇರೆ ದ್ವೀಪಗಳು ಮುಂದೆ ಮಲಬಾರ್ ಜಿಲ್ಲೆಗೆ ಹೋದರೂ ಈ ಐದು ಮಾತ್ರ ಮಂಗಳೂರಿನ ಕಲೆಕ್ಟರ ಕೈಲೇ ಉಳಿದವು. 1956ರ ನವೆಂಬರ್ 1ಕ್ಕೆ ಎಲ್ಲ ದ್ವೀಪಗಳನ್ನ ಒಟ್ಟುಮಾಡಿ ಕೇಂದ್ರಾಡಳಿತ ಪ್ರದೇಶ ಮಾಡಿದರು. ಲಕ್ಷದ್ವೀಪ ಅನ್ನೋ ಹೆಸರು ಬಂದಿದ್ದು 1973ರಲ್ಲಿ.

ಅದೇ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯ್ತು. ಆ ನೋವು ನಮಗೆ ಇವತ್ತಿಗೂ ಇದೆ, ಪ್ರತಿ ರಾಜ್ಯೋತ್ಸವಕ್ಕೆ ಮಾತಾಡ್ತೀವಿ. ಅದೇ ಜಿಲ್ಲೆಯಿಂದ ಅದೇ ದಿನ ಐದು ದ್ವೀಪ ಬೇರೆಯಾದವು ಅನ್ನೋದು ಯಾರ ಬಾಯಲ್ಲೂ ಬರಲ್ಲ. ಅಲ್ಲಿ ಕನ್ನಡ ಮಾತಾಡೋರು ಇರಲಿಲ್ಲ, ನಿಜ. ಅವು ಮೈಸೂರು ರಾಜ್ಯಕ್ಕೆ ಒಂದು ದಿನವೂ ಸೇರಿರಲಿಲ್ಲ, ಅದೂ ನಿಜ, ಆ ಜಿಲ್ಲೆ ಅಲ್ಲಿವರೆಗೆ ಮದರಾಸಿನದ್ದು. ಆದರೂ ಒಂದು ಜಿಲ್ಲೆಯಲ್ಲಿ ನೂರೈವತ್ತು ವರ್ಷ ಒಟ್ಟಿಗಿದ್ದವರನ್ನ ಹೀಗೆ ಮರೀತೀವಾ?

ಈ ಸಂಬಂಧದಲ್ಲಿ ನಿಲುಗಡೆ ಅನ್ನೋದು ತಿರುಗಾಮುರುಗಾ ಆಗುತ್ತೆ. ಇಲ್ಲಿ ಪ್ರವಾಸಿಗಳು ದ್ವೀಪದವರು, ಬಂದರು ನಮ್ಮದು.

ಅವರ ಹಾಯಿ ದೋಣಿಗೆ ಓಡಂ ಅಂತ ಹೆಸರು. ಹಲಗೆಗೆ ಹಲಗೆ ಜೋಡಿಸೋಕೆ ನಾರಿನ ಹಗ್ಗದಲ್ಲೇ ಹೊಲಿಗೆ. ಹೊಲಿದ ದೋಣಿ, ಗೊತ್ತಾಯ್ತಲ್ಲ. ಮಳೆಗಾಲ ಪೂರ್ತಿ ಓಡಂಗಳನ್ನ ಮರಳಿನ ಮೇಲಕ್ಕೆ ಎಳೆದು, ಗರಿ ಹೊದಿಸಿ ಮುಚ್ಚಿಡ್ತಿದ್ದರು. ಮಳೆ ನಿಂತು ಸಮುದ್ರ ತಣ್ಣಗಾದ ಮೇಲೆ ಹೊರಡೋದು, ಮುಂದಿನ ಮಳೆಗಾಲಕ್ಕೆ ಮುಂಚೆ ಕೊನೆಯ ಪ್ರಯಾಣ ಮುಗಿಸೋದು. ಗಾಮನಿಗೆ ಕಾಯೋಕಾಗದ ವಿಷಯ ಇವರ ಪಂಚಾಂಗದಲ್ಲೇ ಇತ್ತು. ಸುಮಾರು 300 ಕಿಲೋಮೀಟರ್ ತೆರೆದ ಸಮುದ್ರ ದಾಟಿ ಮಂಗಳೂರಿನ ಬಂದರಕ್ಕೆ ಬರೋರು. ತರ್ತಿದ್ದದ್ದು ನಾರಿನ ಹಗ್ಗ, ತೆಂಗಿನಕಾಯಿ, ತೆಂಗಿನ ಬೆಲ್ಲ. ಒಯ್ಯುತ್ತಿದ್ದದ್ದು ಮುಖ್ಯವಾಗಿ ಅಕ್ಕಿ. ಹವಳದ ಮರಳಿನಲ್ಲಿ ಭತ್ತ ಬೆಳೆಯಲ್ಲ. ಮಂಗಳೂರಿನಲ್ಲಿ ಅಕ್ಕಿ ಸಿಗದಿದ್ದರೆ ದ್ವೀಪದಲ್ಲಿ ಆ ಮಳೆಗಾಲ ಹಸಿವು. ಹಾಗಾಗಿ ಈ ನಿಲುಗಡೆಯ ಕೆಲವು ದಿನಗಳಲ್ಲಿ ಅವರು ಮಾಡಿಕೊಂಡ ವ್ಯವಹಾರದ ಮೇಲೆ ಮನೆಯವರ ಅರ್ಧ ವರ್ಷದ ಊಟ ನಿಂತಿರ್ತಿತ್ತು.

ಆಡಳಿತ ಕಂಪನಿಗೆ ಬಂದಮೇಲೂ ನಾರಿನ ಕಟ್ಟು ಬಿಡಲಿಲ್ಲ. ಹಗ್ಗ ಸರ್ಕಾರಕ್ಕೇ ಹಾಕಬೇಕು, ಸರ್ಕಾರ ಕಟ್ಟಿದ ದರಕ್ಕೆ, ಬದಲಿಗೆ ಅಕ್ಕಿ. ಕಣ್ಣೂರು ಬೇಡ ಅಂತ ಮಂಗಳೂರಿಗೆ ಬಂದವರಿಗೆ ಕೊನೆಗೆ ಸಿಕ್ಕಿದ್ದು ಅದೇ ತಕ್ಕಡಿ, ಬೇರೆ ಕೈ.

ಆ ಹಗ್ಗ ಮಾಡ್ತಿದ್ದವರು ಹೆಂಗಸರು. ತೆಂಗಿನ ಮೊಟ್ಟೆಯನ್ನ ದ್ವೀಪದ ಒಳಗಡಲಿನ ಮರಳಲ್ಲಿ ಹೂತು, ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ತೆಗೆದು, ದೊಣ್ಣೆಯಿಂದ ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡೋದು. ದೋಣಿ ಹತ್ತಿ ಮಂಗಳೂರು ನೋಡಿದವರು ಗಂಡಸರು, ಅದರ ಖರ್ಚು ಹುಟ್ಟಿಸಿದ ಕೈ ಇವರದ್ದು. ಇದನ್ನ ಚಿಕ್ಕಮ್ಮನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೀಸ್ ರೇಟಾ?" ಅಂತ ಕೇಳಿದರು. ಗಾರ್ಮೆಂಟ್ಸ್‌ನಲ್ಲಿ ದಿನದ ಟಾರ್ಗೆಟ್ ಎಣಿಸಿದವರು ಮಾತ್ರ ಕೇಳೋ ಪ್ರಶ್ನೆ. ತೂಕದ ಮೇಲೆ ಅಂದೆ.

ಹೀಗೆ ಎರಡನೇ ಫೋನ್‌ನಲ್ಲಿ ನಾನು ಹೇಳಿದ್ದು ಎರಡೇ. ಒಂದು, ಅಲ್ಲಿ ಒಂದು ಬಾವಿ ನೋಡಿ. ಎರಡು, ಹಗ್ಗ ಹೊಸೆಯೋರು ಯಾರಾದರೂ ಇದ್ದಾರಾ ಕೇಳಿ.

ಬಾವಿ ಯಾಕಂದ್ರೆ, ಈ ದ್ವೀಪಗಳಲ್ಲಿ ಹೊಳೆ ಇಲ್ಲ, ಬೆಟ್ಟ ಇಲ್ಲ. ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರದ ಮರಳು. ಬಿದ್ದ ಮಳೆ ಆ ಮರಳಲ್ಲಿ ಇಂಗಿ, ಕೆಳಗಿರೋ ಉಪ್ಪುನೀರಿನ ಮೇಲೆ ತೇಲುತ್ತೆ. ಸಿಹಿನೀರು ಹಗುರ, ಅದಕ್ಕೆ. ಸಾರಿನ ಮೇಲೆ ಎಣ್ಣೆ ನಿಂತ ಹಾಗೆ ಒಂದು ತೆಳು ಪದರ. ಸಮುದ್ರದ ಭರತ ಇಳಿತಕ್ಕೆ ಬಾವಿ ನೀರೂ ಸ್ವಲ್ಪ ಏರಿ ಇಳಿಯುತ್ತೆ. ಕೊಡದಲ್ಲಿ ಸೇದಿದರೆ ಪದರ ಉಳಿಯುತ್ತೆ. ಮೋಟಾರ್ ಹಾಕಿ ಜಗ್ಗಿದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ, ಬಾವಿ ಕೆಡುತ್ತೆ. ಈಗ ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡೋ ಘಟಕ ಇದೆ, ದಿನಕ್ಕೆ ಒಂದು ಲಕ್ಷ ಲೀಟರಿನದು. ಆಮೇಲೆ ಬೇರೆ ಕೆಲವು ದ್ವೀಪಗಳಿಗೂ ಬಂತು. ಆದರೂ ಹಡಗಿನಿಂದ ಒಂದೇ ದಿನ ನೂರಾರು ಜನ ಇಳಿದರೆ ಆ ಊರಿನ ನೀರಿನ ಲೆಕ್ಕ ಏನಾಗುತ್ತೆ? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೋಗೋರಿಗೆ ಕೆಲವು ಮಾತು ಇಲ್ಲೇ ಹೇಳಿಬಿಡ್ತೀನಿ. ಲಕ್ಷದ್ವೀಪಕ್ಕೆ ಅನುಮತಿ ಪತ್ರ ಬೇಕು, ಸಾಮಾನ್ಯವಾಗಿ ಹಡಗಿನವರೇ ಮಾಡಿಸ್ತಾರೆ, ಮಾಡಿಸಿದ್ದಾರಾ ಅಂತ ಕೇಳಿಕೊಳ್ಳಿ. ಜನ ಇರೋ ದ್ವೀಪಗಳಲ್ಲಿ ಮದ್ಯ ನಿಷೇಧ. ಒಳಗಡಲು ಆಳ ಇಲ್ಲದ ಕಾರಣ ದೊಡ್ಡ ಹಡಗು ಹವಳದ ದಿಬ್ಬದ ಆಚೆಗೇ ನಿಲ್ಲುತ್ತೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಕರ್ಕೊಂಡು ಹೋಗ್ತಾರೆ, ಅಲೆ ಜೋರಿದ್ದರೆ ಇಳಿಸೋದೇ ಇಲ್ಲ. ಅಂದರೆ ನಾಲ್ಕು ಗಂಟೆ ಅಂತ ಹೇಳಿದ್ದರಲ್ಲಿ ಸಾಲಲ್ಲಿ ನಿಲ್ಲೋದು, ದೋಣಿಯಲ್ಲಿ ಹೋಗಿಬರೋದು ಎಲ್ಲ ಸೇರಿರುತ್ತೆ. ಮೊದಲ ದೋಣಿಗೆ ಹೋಗಿ. ಕೊನೆಯ ದೋಣಿಗೆ ಕಾಯಬೇಡಿ. ನೀರಲ್ಲಿ ಇಳಿದರೆ ಹವಳದ ಮೇಲೆ ಕಾಲಿಡಬೇಡಿ, ಅದು ಕಲ್ಲಲ್ಲ, ಜೀವ.

ಚಿಕ್ಕಮ್ಮ ಮೊದಲ ದೋಣಿಗೆ ಹೋಗಲಿಲ್ಲ. ಹಡಗಿನ ತಿಂಡಿ ಬಿಡೋಕೆ ಮನಸ್ಸಾಗದೆ ಇಡ್ಲಿ ತಿಂತಾ ಕೂತರು, ದುಡ್ಡು ಕೊಟ್ಟಿದೀನಿ ಅನ್ನೋ ಅದೇ ಮಾತು. ಮೂರನೇ ಸರದಿಯಲ್ಲಿ ಟೋಕನ್ ಸಿಕ್ತು. ಸಾಲು, ಬಿಸಿಲು, ಲೈಫ್ ಜಾಕೆಟ್, ದೋಣಿಗೆ ಇಳಿಯೋ ಏಣಿ ಮೇಲೆ ಕಾಲು ನಡುಗಿದ್ದು. ದಡ ಮುಟ್ಟಿದಾಗ ಕೈಲಿದ್ದದ್ದು ಎರಡು ಗಂಟೆ ಹತ್ತು ನಿಮಿಷ. ಮಗಳು ಗ್ಲಾಸ್ ಬೋಟಿನ ಸಾಲಿಗೆ ಓಡಿದಳು. ಇವರು ಒಬ್ಬರೇ ತೆಂಗಿನ ಮರಗಳ ನಡುವಿನ ರಸ್ತೆ ಹಿಡಿದು ಹೊರಟರು. ಕಡಮತ್ ಉದ್ದಕ್ಕೆ ಒಂಬತ್ತು ಕಿಲೋಮೀಟರ್ ಹತ್ತಿರ ಇದ್ದರೂ ಅಗಲ ತೀರಾ ಕಮ್ಮಿ. "ನಮ್ಮ ಹೆಗ್ಗನಹಳ್ಳಿ ಕ್ರಾಸಿಂದ ಸುಂಕದಕಟ್ಟೆಗೆ ನಡೆಯೋಷ್ಟರಲ್ಲಿ ಇನ್ನೊಂದು ಸಮುದ್ರ ಬಂದುಬಿಡುತ್ತೆ ಕಣೋ" ಅಂದ್ರು ಆಮೇಲೆ.

ಒಂದು ಮನೆ ಮುಂದೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಇವರಿಗೆ ಗೊತ್ತಿರೋದು ಕನ್ನಡ, ಜೊತೆಗೆ ಲೈನಿನಲ್ಲಿ ಪಕ್ಕದ ಮೆಷಿನ್‌ನವರಿಂದ ಕಲಿತ ತಮಿಳು. ಕೈಸನ್ನೆ ಮಾಡಿ ನೀರು ಅಂದರು. ಅವರು ಬಾಟಲಿ ತರೋಕೆ ಎದ್ದರು. ಅಲ್ಲ ಅಲ್ಲ, ಬಾವಿ ಅಂತ ಕೊಡ ಸೇದೋ ಹಾಗೆ ಕೈ ಆಡಿಸಿದರು. ಮನೆ ಹಿಂದೆ ಕರ್ಕೊಂಡು ಹೋಗಿ ತೋರಿಸಿದರಂತೆ. ಆಳ ಇಲ್ಲದ, ಹವಳದ ಕಲ್ಲು ಕಟ್ಟಿದ ಬಾವಿ, ಬಗ್ಗಿದರೆ ಮುಖ ಕಾಣೋಷ್ಟು ಹತ್ತಿರ ನೀರು. ಸೇದಿ ಬಾಯಿಗೆ ಹಾಕ್ಕೊಂಡರು. ಸಪ್ಪೆ, ಕೊನೆಯಲ್ಲಿ ಒಂಚೂರು ಉಪ್ಪು. "ನಮ್ಮ ಬೋರ್ ನೀರಿಗಿಂತ ವಾಸಿ" ಅಂತ ಚಿಕ್ಕಮ್ಮನ ತೀರ್ಪು.

ಎಲ್ಲಿಂದ ಬಂದಿರಿ ಅಂತ ಆ ಹೆಂಗಸು ಕೇಳಿದ್ದು ಅರ್ಥ ಆಗಿ, ಬೆಂಗಳೂರು ಅಂದರು. ತಲೆ ಆಡಿಸಿದರು. ಇವರಿಗೆ ನಾನು ಹೇಳಿದ್ದು ನೆನಪಾಗಿ ಮಂಗಳೂರು ಅಂದರು. ಅದಕ್ಕೆ ಆ ಹೆಂಗಸಿನ ಮುಖ ಬದಲಾಯ್ತಂತೆ. ಮಂಗಲಾಪುರಂ ಅಂತ ಎರಡು ಸಲ ಹೇಳಿ, ಸಮುದ್ರದ ಕಡೆ ಕೈ ಚಾಚಿ, ಅಂಗೈಯನ್ನ ಅಲೆಯ ಮೇಲೆ ದೋಣಿ ಹೋಗೋ ಹಾಗೆ ಆಡಿಸಿ, ಬಾಪ್ಪ ಅಂತ ಏನೋ ಹೇಳಿದರು. ಅವರ ಅಪ್ಪನ ಮಾತೇ ಇರಬೇಕು ಅಂತ ಚಿಕ್ಕಮ್ಮನ ಊಹೆ. ಆಮೇಲೆ ಹೆಬ್ಬೆರಳಿಂದ ಉಳಿದ ಬೆರಳುಗಳನ್ನ ಉಜ್ಜಿ, ಕೈಯನ್ನ ಬಾಯಿಗೆ ತಗೊಂಡು ಹೋಗಿ ತೋರಿಸಿದರು. ಅಕ್ಕಿ, ಅನ್ನ.

2024ರ ಮೇನಲ್ಲಿ ಲಕ್ಷದ್ವೀಪದಿಂದ ಮಂಗಳೂರಿನ ಹಳೇ ಬಂದರಿಗೆ ಒಂದು ವೇಗದ ಹಡಗು ಬಂದಿತ್ತು, ಏಳು ಗಂಟೆಯ ದಾರಿ. ಇಳಿದವರನ್ನ ಹಾರ ಹಾಕಿ ಸ್ವಾಗತ ಮಾಡಿದರು. ಅದು ದಿನನಿತ್ಯದ ಹಡಗಾಗಲಿ ಅಂತ ಎರಡೂ ಕಡೆಯವರು ಕೇಳ್ತಾನೇ ಇದ್ದಾರೆ.

ಚಿಕ್ಕಮ್ಮನಿಗೆ ಗ್ಲಾಸ್ ಬೋಟು ತಪ್ಪಿತು. ಬಣ್ಣದ ಮೀನು ಒಂದೂ ನೋಡಲಿಲ್ಲ ಅಂತ ಮಗಳು ಇವತ್ತಿಗೂ ರೇಗಿಸ್ತಾಳೆ. ಕೊನೆಗೆ ಹತ್ತು ನಿಮಿಷ ಇದೆ ಅನ್ನುವಾಗ ಓಡೋಡಿ ದೋಣಿ ಹಿಡಿದರಂತೆ, ಕೈಲಿ ಒಂದು ಸುರುಳಿ ನಾರಿನ ಹಗ್ಗ. ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಹಾಗಾಗಿ ಬ್ಯಾಗಲ್ಲಿದ್ದ ಚಕ್ಕುಲಿ ಪೊಟ್ಟಣ ಕೊಟ್ಟು ಬಂದರು.

ಆ ಹಗ್ಗ ಈಗ ಹೆಗ್ಗನಹಳ್ಳಿ ಮನೆಯ ಸಂಪಿನ ಬಕೆಟ್‌ಗೆ ಕಟ್ಟಿದೆ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿ ಆಗ್ತಿತ್ತು, ಇದು ನೆನೆದಷ್ಟೂ ಗಟ್ಟಿ ಅಂತಾರೆ. ಮೊನ್ನೆ ಈ ಸಂಚಿಕೆಗೆ ಮಾತಾಡಿಸೋಣ ಅಂತ ಫೋನ್ ಮಾಡಿದೆ. ಬಾವಿಯ ಉದ್ದ ಅಗಲ ಕೇಳ್ತಿದ್ದೆ, ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸ್ತು. "ಟ್ಯಾಂಕರ್ ಬಂತು, ಇಡ್ತೀನಿ" ಅಂದ್ರು.